ಬರ್ಲಿ, ಬರ್ಲಿ... ಹೋಲ್ಡಾನ್!

ಜಲಂಧರಿನಿಂದ ಬಿತ್ತನೆ ಆಲೂಗಡ್ಡೆ ಹೊತ್ತ ಲಾರಿ 2000 ಕಿಲೋಮೀಟರಿಗೂ ಹೆಚ್ಚು ದೂರ ಮುಂದಕ್ಕೆ ಓಡಿ ಹಾಸನ ಸೇರುತ್ತದೆ. ಕೊನೆಯ ನಾಲ್ಕಾರು ಮಾರು ಮಾತ್ರ ಹಿಂದಕ್ಕೆ. ಶೀತಲಗೃಹದ ಕಟ್ಟೆಗೆ ಲಾರಿಯ ಹಿಂಬದಿ ತಾಗಿದರಷ್ಟೇ ಮೂಟೆ ಇಳಿಯುತ್ತದೆ. ಮೇ ತಿಂಗಳಲ್ಲಿ ಅದೇ ಬೀಜ ಕೊಳ್ಳಲು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಟ್ರ್ಯಾಕ್ಟರ್‌ಗಳು ಎಪಿಎಂಸಿ ಸುತ್ತ ಸೇರುತ್ತವೆ. ಆ ನೂಕುನುಗ್ಗಲಿನಲ್ಲಿ ಟ್ರೈಲರನ್ನು ಹಿಂದಕ್ಕೆ ಹಾಕುವವರ ಕೈಚಳಕ ನೋಡಬೇಕು. ಹಿಂದೆ ನಿಂತವನು ‘ಬರ್ಲಿ, ಬರ್ಲಿ’ ಎನ್ನುತ್ತಿರುತ್ತಾನೆ. ‘ಹೋಲ್ಡಾನ್’ ಎಂದಾಗ ಟ್ರೈಲರ್ ಕಟ್ಟೆಯಿಂದ ಗೇಣು ದೂರದಲ್ಲಿ ನಿಂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮಂದಿಗೆ ಒಲಿದ ಕಸುಬು ಇದು. ಆದರೂ ಇದನ್ನು ಕಸುಬೆಂದು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಕಾರನ್ನು ಹಿಂದಕ್ಕೆ ತೆಗೆಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕಾರು ಒಂದೇ ಮೈ. ಟ್ರ್ಯಾಕ್ಟರ್ ಮತ್ತು ಟ್ರೈಲರ್ ಎರಡು ಮೈ, ನಡುವೆ ಒಂದು ಕೀಲು. ಹಿಂದಕ್ಕೆ ಬರುತ್ತ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಹಿಂಭಾಗ ಬಲಕ್ಕೆ ಸರಿಯುತ್ತದೆ. ಅದು ಟ್ರೈಲರಿನ ಮೂತಿಯನ್ನು ಬಲಕ್ಕೆ ದೂಡುತ್ತದೆ. ಟ್ರೈಲರಿನ ಬಾಲ ಎಡಕ್ಕೆ ಹೊರಳುತ್ತದೆ. ಎತ್ತು ಬಿಚ್ಚಿದ ಗಾಡಿಯ ಮೂಕಿ ಹಿಡಿದು ಹಿಂದಕ್ಕೆ ತಳ್ಳಿದವರಿಗೆ ಇದು ಹೊಸದಲ್ಲ: ಮೂಕಿ ಎತ್ತ ಒತ್ತುತ್ತೇವೋ ಗಾಡಿಯ ಹಿಂಬದಿ ಅದರ ಎದುರು ದಿಕ್ಕಿಗೆ ಹೋಗುತ್ತದೆ.

ಹೊಸಬರು ಈ ತಿರುವುಮುರುವನ್ನು ಬೇಗ ಹಿಡಿದುಬಿಡುತ್ತಾರೆ. ಅದಕ್ಕೊಂದು ಸುಲಭದ ಉಪಾಯವೂ ಇದೆ. ಸ್ಟೇರಿಂಗನ್ನು ಕೆಳತುದಿಯಲ್ಲಿ ಹಿಡಿದರೆ ಕೈ ಎತ್ತ ಸರಿಯುತ್ತದೋ ಟ್ರೈಲರಿನ ಬಾಲವೂ ಅತ್ತಲೇ ಸರಿಯುತ್ತದೆ. ನಿಜವಾದ ಕಷ್ಟ ಆಮೇಲಿನದು. ಎಳೆಯುವಾಗ ಟ್ರೈಲರ್ ತಾನಾಗಿ ನೆಟ್ಟಗಾಗುತ್ತದೆ, ತಳ್ಳುವಾಗ ತಾನಾಗಿ ಮಡಚಿಕೊಳ್ಳುತ್ತದೆ. ಕೂದಲೆಳೆಯಷ್ಟು ಓರೆಯಾದದ್ದು ಹಿಂದೆ ಹೋದಷ್ಟೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಬಾಲ ತಿರುಗಲು ಶುರುವಾದೊಡನೆ ಸ್ಟೇರಿಂಗನ್ನು ವಾಪಸ್ ತಂದು, ಈ ಬಾರಿ ಟ್ರೈಲರ್ ಹೋಗುವ ಕಡೆಗೇ ತಿರುಗಿಸಿ ಅದರ ಬೆನ್ನು ಹಿಡಿಯಬೇಕು. ಮೊದಲ ತಿರುಗಿಸುವಿಕೆ ಯಾರಿಗಾದರೂ ಬರುತ್ತದೆ; ವಾಪಸ್ ತರುವ ಹೊತ್ತು ತಿಳಿದವನೇ ಡ್ರೈವರ್. ತಡವಾದರೆ ಟ್ರ್ಯಾಕ್ಟರಿನ ದೊಡ್ಡ ಚಕ್ರ ಟ್ರೈಲರಿನ ಮೂಲೆಗೆ ಬಡಿಯುತ್ತದೆ. ಅಷ್ಟು ಮಡಚಿದ ಮೇಲೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಕೇಳುವುದಿಲ್ಲ. ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡು ಮತ್ತೆ ಬರುವುದೊಂದೇ ದಾರಿ. ಹಾಗೆ ಮುಂದಕ್ಕೆ ಹೋಗುವುದನ್ನು ಹುಡುಗರು ಅವಮಾನವೆಂದುಕೊಳ್ಳುತ್ತಾರೆ. ಪಳಗಿದವರು ನಾಚಿಕೆಯಿಲ್ಲದೆ ಮುಂದೆ ಹೋಗಿ ಬರುತ್ತಾರೆ.

ಟ್ರೈಲರ್ ಚಿಕ್ಕದಾದಷ್ಟೂ ಈ ಮಡಚಾಟ ಜೋರು. ಗಿಡ್ಡ ನೀರಿನ ಟ್ಯಾಂಕರ್ ಕ್ಷಣದಲ್ಲಿ ಅಡ್ಡ ತಿರುಗುತ್ತದೆ. ಹೆದ್ದಾರಿ 75ರಲ್ಲಿ ಮಂಗಳೂರು ಬಂದರಿನ ಕಡೆ ಓಡುವ 40 ಅಡಿ ಕಂಟೇನರ್ ನಿಧಾನವಾಗಿ ತಿರುಗುತ್ತದೆ. ಯೋಚಿಸಲು ಸಮಯ ಕೊಡುತ್ತದೆ. ಅದಕ್ಕೇ ತಿಪ್ಪೆಗೊಬ್ಬರ ತುಂಬಲು ಇಕ್ಕಟ್ಟಿನ ಹಿತ್ತಿಲಿಗೆ ಟ್ರೈಲರ್ ಸೇರಿಸಿ ಕಲಿತ ಹುಡುಗ ಮುಂದೆ ಕಂಟೇನರ್ ಲಾರಿ ಹತ್ತಿದರೆ ಅರ್ಧ ಪಾಠ ಮೊದಲೇ ಮುಗಿದಿರುತ್ತದೆ. ಕಲಿಯಬೇಕಾದದ್ದು ಕಣ್ಣಿನ ಕೆಲಸ. ಟ್ರ್ಯಾಕ್ಟರಿನಲ್ಲಿ ಡ್ರೈವರ್ ನಡುಮಧ್ಯೆ, ಬಯಲಲ್ಲಿ ಕೂತಿರುತ್ತಾನೆ. ಕತ್ತು ತಿರುಗಿಸಿದರೆ ಎರಡೂ ಕಡೆ ಕಾಣುತ್ತದೆ. ಲಾರಿಯಲ್ಲಿ ಅವನು ಬಲಗಡೆ. ಬಾಲವನ್ನು ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಪಕ್ಕ, ಚಕ್ರ ಎಲ್ಲ ಕಿಟಕಿಯಿಂದಲೇ ಕಾಣುತ್ತವೆ. ಎಡಕ್ಕೆ ತಿರುಗಿಸಿದರೆ ಎಡಗನ್ನಡಿಯಲ್ಲಿ ಬರೀ ಟ್ರೈಲರಿನ ಗೋಡೆ. ಆಗ ನಂಬಬೇಕಾದದ್ದು ಕ್ಲೀನರ್‌ನ ದನಿಯನ್ನು. ಬಲ್ಲವರು ಗೇಟು ತಮ್ಮ ಬಲಕ್ಕೆ ಬರುವ ಹಾಗೆ ಮೊದಲೇ ಲಾರಿ ತಂದು ನಿಲ್ಲಿಸಿಕೊಳ್ಳುತ್ತಾರೆ.

ಕಬ್ಬು ತುಂಬುವ ನಾಲ್ಕು ಚಕ್ರದ ಟ್ರೈಲರ್ ಬೇರೆಯದೇ ಲೋಕ. ಮುಂದಿನ ಅಚ್ಚು ತಾನೂ ತಿರುಗುವುದರಿಂದ ಅಲ್ಲಿ ಕೀಲು ಎರಡು. ಒಂದು ಕೀಲು ತಿರುವಿದ್ದನ್ನು ಇನ್ನೊಂದು ಮತ್ತೆ ತಿರುವುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಹೇಮಾವತಿ ಸಕ್ಕರೆ ಕಾರ್ಖಾನೆಯಿದೆ. ಅಂಥ ಕಡೆಗೆ ಕಬ್ಬು ಹೇರಿಕೊಂಡು ಹೊರಡುವವರು ಹಿಂದಕ್ಕೆ ಬರುವ ಪ್ರಮೇಯವೇ ಬರದಂತೆ ಗದ್ದೆಯಲ್ಲೇ ದಾರಿ ನೋಡಿಕೊಳ್ಳುವುದು ಜಾಣತನ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲಾರಿ, ಕಾರುಗಳ ಚಾಲನಾ ಪರೀಕ್ಷೆಯಲ್ಲಿ ಇಕ್ಕಟ್ಟಾದ ಜಾಗಕ್ಕೆ ಎಡಕ್ಕೋ ಬಲಕ್ಕೋ ಹಿಂದಕ್ಕೆ ಬಂದು ಸೇರಿಸಿ ತೋರಿಸಬೇಕು. ಹಾಸನದಲ್ಲಿ ಕೆಎಸ್‌ಆರ್‌ಟಿಸಿಯ ಚಾಲಕರ ತರಬೇತಿ ಕೇಂದ್ರವಿದೆ. ನಿಗಮದ ಚಾಲಕ ಹುದ್ದೆಯ ಚಾಲನಾ ಪರೀಕ್ಷೆಗಳು ಅಲ್ಲಿನ ಟ್ರ್ಯಾಕಿನಲ್ಲಿ ನಡೆದಿವೆ. ಆದರೆ ಬಸ್ಸಿಗೆ ಟ್ರೈಲರಿನಂಥ ಕೀಲಿಲ್ಲ. ಅಮೆರಿಕದಲ್ಲಿ ಟ್ರೈಲರ್ ಲಾರಿಯ ಪರವಾನಗಿ ಬೇಕೆಂದರೆ ಕೋನ್‌ಗಳ ನಡುವೆ ಟ್ರೈಲರ್ ಸಮೇತ ಹಿಂದಕ್ಕೆ ಬಂದು ತೋರಿಸಲೇಬೇಕು. ಅನುಮಾನ ಬಂದರೆ ಇಳಿದು ನೋಡು ಎಂಬುದು ಅಲ್ಲಿನ ಮೊದಲ ಪಾಠ. ಇಷ್ಟೊಂದು ಟ್ರೈಲರ್ ಇರುವ ನಮ್ಮ ಜಿಲ್ಲೆಯಲ್ಲೂ ಅಂಥದೊಂದು ಅಂಗಳ ಬೇಕು. ಕಣದಲ್ಲಿ, ಮನೆಯಂಗಳದಲ್ಲಿ ಟ್ರೈಲರಿನ ಹಿಂದೆ ಆಡುವ ಮಕ್ಕಳು ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಇಳಿದು ಒಂದು ಸುತ್ತು ಹಾಕುವುದನ್ನು ಹೇಳಿಕೊಡದೆ ಹುಡುಗರ ಕೈಗೆ ಕೀ ಕೊಡುವುದು ನನಗೆ ಒಪ್ಪಿಗೆಯಾಗದ ಮಾತು.

ಅಂಥ ಅಂಗಳ ಬರುವತನಕ ರಾಗಿ ಕೊಯ್ದ ಹೊಲ ಸಾಕು. ಖಾಲಿ ಟ್ರೈಲರ್, ಎರಡು ಗೂಟ, ಹಿಂದೆ ನಿಂತು ಹೇಳುವ ಒಬ್ಬ ಹಿರಿಯ. ಎಡ-ಬಲದ ಬ್ರೇಕ್ ಪೆಡಲ್‌ಗಳನ್ನು ಸೇರಿಸುವ ಲಾಕ್ ಮೊದಲು ಹಾಕಬೇಕು. ಉಳುವಾಗ ಬಿಚ್ಚಿದ್ದು ಹಾಗೇ ಉಳಿದರೆ ಒಂದೇ ಚಕ್ರ ಹಿಡಿದು ಗಾಡಿ ಎಳೆದುಬಿಡುತ್ತದೆ. ಆಮೇಲೆ ಕಡಿಮೆ ವೇಗದ ರಿವರ್ಸ್ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ನೆಟ್ಟಗೆ ಬರುವುದು. ಅದು ಕೈಗೆ ಹತ್ತಿದ ಮೇಲೆ ಬಲಕ್ಕೆ, ಆಮೇಲೆ ಎಡಕ್ಕೆ. ಮೂಟೆ ತುಂಬಿ, ಇಳಿಜಾರಿನಲ್ಲಿ ಹಿಂದಕ್ಕೆ ಹಾಕುವುದು ಎಲ್ಲಕ್ಕಿಂತ ಕೊನೆಗೆ.