ಹಾಡುವ ಹಲಗೆ

‘ಗಿಟಾರ್ ಕೊಡಿಸುವುದು ಬೇಡ, ನಾನೇ ಮಾಡಿಕೊಳ್ಳುತ್ತೇನೆ’ ಎಂದು ಮಗನೋ ಮಗಳೋ ಹಟ ಹಿಡಿದರೆ ಮನೆಯವರಿಗೆ ಮೊದಲು ಕಾಡುವುದು ಮರದ ಬೆಲೆಯ ಚಿಂತೆ. ಅದಕ್ಕೆ 1862ರಲ್ಲೇ ಉತ್ತರ ಸಿಕ್ಕಿದೆ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೋ ದೆ ಟೊರೆಸ್ ಆ ವರ್ಷ ಒಂದು ಗಿಟಾರಿನ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿದ. ಮುಂಭಾಗಕ್ಕೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಲಗೆ ಹಾಕಿದ. ನಾದಕ್ಕೆ ಮುಖ್ಯ ಆಧಾರ ಮುಂಭಾಗದ ಹಲಗೆಯೇ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಆ ಗಿಟಾರ್ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯ ಸೇರಿದೆ.

ತೆಳು ತಂತಿಯೊಂದೇ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನ ಕುದುರೆಯ ಮೂಲಕ ಹಲಗೆಗೆ ಇಳಿದಾಗಲೇ ದನಿ ದೊಡ್ಡದಾಗುತ್ತದೆ. ಆದ್ದರಿಂದ ಹಲಗೆ ಹಗುರವಾಗಿರಬೇಕು, ತಂತಿಗಳ ಎಳೆತಕ್ಕೆ ಬಗ್ಗಲೂಬಾರದು. ಸ್ಪ್ರೂಸ್ ಮತ್ತು ಸೀಡರ್ ಮರಗಳಿಗೆ ಈ ಎರಡೂ ಗುಣಗಳಿವೆ. ಕೊಳ್ಳುವಾಗ ಹಲಗೆಯ ತುದಿಯನ್ನು ನೋಡಬೇಕು. ಬೆಳವಣಿಗೆಯ ಉಂಗುರದ ಗೆರೆಗಳು ಅಲ್ಲಿ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಮುಖದ ಮೇಲೆ ಎಳೆಗಳು ನೇರವಾಗಿದ್ದು, ಗಂಟುಗಳಿರಬಾರದು. ಹೀಗೆ ಕೊಯ್ದ ಹಲಗೆ ಹವೆ ಬದಲಾದಾಗ ಅಗಲದಲ್ಲಿ ಕಡಿಮೆ ಕುಗ್ಗುತ್ತದೆ.

ಬೆನ್ನು, ಪಕ್ಕಗಳಿಗೆ ಪಶ್ಚಿಮಘಟ್ಟದ ಬೀಟೆ ಜಗತ್ತಿನ ಗಿಟಾರ್ ತಯಾರಕರಿಗೆ ಅಚ್ಚುಮೆಚ್ಚು. ಆದರೆ ಮೊದಲ ಪ್ರಯತ್ನಕ್ಕೆ ಅದೇ ಆಗಬೇಕೆಂದಿಲ್ಲ. 1995ರಲ್ಲಿ ಅಮೆರಿಕದ ಬಾಬ್ ಟೇಲರ್ ಸರಕು ಸಾಗಿಸಿ ಎಸೆದಿದ್ದ ಅಟ್ಟಣಿಗೆಯ ಹಲಗೆಗಳಿಂದಲೇ ಗಿಟಾರ್ ಮಾಡಿ ತೋರಿಸಿದ. ಮನೆಯ ಮುರಿದ ಮಂಚ, ಹಳೆಯ ಕಪಾಟಿನ ಹಲಗೆಯೂ ಆದೀತು. ಅದು ವರ್ಷಗಟ್ಟಲೆ ಒಣಗಿರುತ್ತದೆ. ಮೊಳೆ ಕಿತ್ತು, ಹುಳು ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು.

ಅವಸರ ಮಾಡಿದವರು ಸೋಲುವುದು ಒಣಗಿಸುವ ಹಂತದಲ್ಲಿ. ಮರ ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಬಹಳ. ಅಂಟಿಸಿದ ನಂತರ ಕುಗ್ಗಿದರೆ ತಿಂಗಳುಗಳ ಶ್ರಮ ಒಂದೇ ಸೀಳಿನಲ್ಲಿ ವ್ಯರ್ಥ. ಹೊಸ ಹಲಗೆಯ ತುದಿಗಳಿಗೆ ಮೇಣ ಬಳಿಯಬೇಕು. ಇಲ್ಲವಾದರೆ ತುದಿ ಬೇಗ ಒಣಗಿ ಬಿರಿಯುತ್ತದೆ. ಹಲಗೆಗಳ ನಡುವೆ ಸಣ್ಣ ಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಬೇಕು. ವಾರಕ್ಕೊಮ್ಮೆ ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಹಲವು ವಾರ ತೂಕ ಇಳಿಯದೆ ನಿಂತರೆ ಹಲಗೆ ಒಣಗಿದೆ ಎಂದರ್ಥ. ಮಳೆಗಾಲದಲ್ಲಿ ಒಣಮರವೂ ತೇವ ಹೀರುವುದರಿಂದ ಗಾಳಿಯ ಆರ್ದ್ರತೆ ಶೇ 40ರಿಂದ 50ರಷ್ಟಿರುವ ದಿನಗಳಲ್ಲೇ ಅಂಟಿಸುವುದು ಕ್ಷೇಮ. ಕರಾವಳಿ, ಮಲೆನಾಡಿನವರು ಮಳೆ ಮುಗಿಯುವವರೆಗೆ ಕಾಯುವುದು ಲೇಸು.

ಹಾಗಾಗಿ ಒಂದೇ ರಜೆಯಲ್ಲಿ ಗಿಟಾರ್ ಮುಗಿಯದಿದ್ದರೆ ಪಾಲಕರು ಮಕ್ಕಳನ್ನು ಹಂಗಿಸಬೇಕಿಲ್ಲ. ಈ ರಜೆಯಲ್ಲಿ ಹಲಗೆ ಆರಿಸಿ ಜೋಡಿಸಿಟ್ಟು, ತೂಕದ ಪುಸ್ತಕ ತೆರೆದರೆ ಅರ್ಧ ಕೆಲಸ ಆದಂತೆಯೇ.