ಕುಡಿತ ಬಿಟ್ಟ ಮೇಲಿನ ನಿಧಾನದ ತಿಂಗಳುಗಳು

ಕುಡಿಯುವುದನ್ನು ಬಿಟ್ಟ ಮೊದಲ ವಾರ ಎಲ್ಲರೂ ಬೆನ್ನು ತಟ್ಟುತ್ತಾರೆ. ಕೆಲವು ತಿಂಗಳು ಕಳೆದರೆ ಯಾರೂ ಕೇಳುವುದಿಲ್ಲ. ನಿದ್ದೆ ಇನ್ನೂ ಹತ್ತುವುದಿಲ್ಲ, ಸಾಲ ತೀರಿರುವುದಿಲ್ಲ, ಹೆಂಡತಿ ಪಗಾರವನ್ನು ಎಣಿಸಿಯೇ ತೆಗೆದುಕೊಳ್ಳುತ್ತಾಳೆ. ‘ಬಿಟ್ಟು ಏನು ಬಂತು?’ ಎಂಬ ಪ್ರಶ್ನೆ ಏಳುವುದು ಆಗ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ನಡೆಸುವ ನಾನು ಆ ಪ್ರಶ್ನೆಯೊಡನೆ ಬಹಳ ದಿನ ಬದುಕಿದ್ದೇನೆ. ಮತ್ತೆ ಕುಡಿತಕ್ಕೆ ಮರಳಿದ ನನ್ನ ಗೆಳೆಯರಲ್ಲಿ ಹೆಚ್ಚಿನವರನ್ನು ಎಳೆದೊಯ್ದದ್ದು ಆಸೆಗಿಂತ ಈ ಬೇಸರವೇ.

ನನ್ನೂರು ಖಾನಾಪುರ ತಾಲೂಕಿನ ಕಾಡಂಚಿನಲ್ಲಿದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಗೋವಾ ಗಡಿ ಪಕ್ಕದಲ್ಲೇ ಇದೆ. ಅಲ್ಲಿ ತೆರಿಗೆ ಕಡಿಮೆ, ಮದ್ಯ ಅಗ್ಗ. ಕಣಕುಂಬಿಯ ದಾರಿಯಲ್ಲಿ ಅಬಕಾರಿಯವರು ಎಷ್ಟು ಬಾಟಲಿ ಹಿಡಿದರೂ ಊರಿನ ಮದುವೆ, ಜಾತ್ರೆಗೆ ಕೊರತೆ ಬೀಳುವುದಿಲ್ಲ. ಹೀಗಾಗಿ ಬಿಟ್ಟವನಿಗೆ ಊರಿಗೆ ಹೋಗುವುದೂ ಒಂದು ಪರೀಕ್ಷೆ.

ನೆಹರು ನಗರದ ಆಸ್ಪತ್ರೆಯಲ್ಲಿ ಮನೋವೈದ್ಯರ ಮುಂದೆ ಒಮ್ಮೆ ಅಂದೆ: “ಸರ್ರ, ಏನೂ ಸುಧಾರಣಿ ಕಾಣವಲ್ದು.” ಅವರು ರಕ್ತದ ರಿಪೋರ್ಟ್ ತೆಗೆದು ಎರಡು ಸಂಖ್ಯೆ ತೋರಿಸಿದರು. ಒಂದು ಜಿಜಿಟಿ, ಯಕೃತ್ತಿನ ಕಿಣ್ವ. ಕುಡಿತ ನಿಂತರೆ ಎರಡು ಮೂರು ವಾರಕ್ಕೆ ಸುಮಾರು ಅರ್ಧ ಇಳಿಯುತ್ತದೆ; ನನ್ನದು ಇಳಿದಿತ್ತು. ಇನ್ನೊಂದು ಎಂಸಿವಿ, ಕೆಂಪು ರಕ್ತಕಣದ ಗಾತ್ರ. ವರ್ಷಗಟ್ಟಲೆ ಕುಡಿದವರಲ್ಲಿ ಈ ಕಣಗಳು ದೊಡ್ಡವಾಗಿರುತ್ತವೆ. ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಕುಡಿಯುವ ಕಾಲದಲ್ಲಿ ಹುಟ್ಟಿದ ಕಣಗಳು ಸಾಯುವವರೆಗೂ ಆ ಸಂಖ್ಯೆ ಪೂರ್ತಿ ಸರಿಹೋಗದು. ನಾನು ಬಿಟ್ಟಿದ್ದೆ, ನನ್ನ ರಕ್ತಕ್ಕೆ ಇನ್ನೂ ಸಮಯ ಬೇಕಿತ್ತು.

ದೇಹದ ಉಳಿದ ಭಾಗಗಳದೂ ಬೇರೆ ಬೇರೆ ಗತಿ. ಯಕೃತ್ತಿನ ಕೊಬ್ಬು ಕೆಲವು ವಾರಗಳಲ್ಲೇ ಕರಗತೊಡಗುತ್ತದೆ. ಸಿರೋಸಿಸ್ ಆಗಿದ್ದರೆ ಆ ಗಾಯದ ಕಲೆ ಬಹುಪಾಲು ಉಳಿಯುತ್ತದೆ, ಆದರೂ ಬಿಟ್ಟರೆ ಆಯುಷ್ಯ ಹೆಚ್ಚುತ್ತದೆ. ನಿದ್ದೆ ನೆಟ್ಟಗಾಗಲು, ಕಾಲಿನ ಜೋಮು ಇಳಿಯಲು ತಿಂಗಳುಗಳು ಬೇಕು. ನನ್ನನ್ನು ಹೆಚ್ಚು ಕಂಗೆಡಿಸಿದ್ದು ಮನಸ್ಸಿನ ಸಪ್ಪೆತನ. ಮಗಳ ಮಾತು, ಬಿಸಿ ರೊಟ್ಟಿ, ಯಾವುದರಲ್ಲೂ ರುಚಿ ಇರಲಿಲ್ಲ. ಮೆದುಳಿಗೆ ಸಂತೋಷ ಮುಟ್ಟಿಸುವ ಡೋಪಮೈನ್ ವ್ಯವಸ್ಥೆಯನ್ನು ಮದ್ಯ ಮಂಕಾಗಿಸಿರುತ್ತದೆ, ಅದು ನಿಧಾನವಾಗಿ ಮರಳುತ್ತದೆ ಎಂದು ವೈದ್ಯರು ವಿವರಿಸಿದ ಮೇಲೆ ಧೈರ್ಯ ಬಂತು. ಮರಳಿತು ಕೂಡ.

ಲೇತ್ ಮೇಲೆ ನೂರರಲ್ಲೊಂದು ಮಿಲಿಮೀಟರ್ ಲೋಹ ತೆಗೆದರೆ ಕಣ್ಣಿಗೆ ಕಾಣದು, ಮೈಕ್ರೋಮೀಟರಿಗೆ ಕಾಣುತ್ತದೆ. ಹಾಗೆಯೇ ನಾನೊಂದು ವಹಿ ಇಟ್ಟೆ. ಎಷ್ಟು ತಾಸು ಮಲಗಿದೆ, ಯಾವ ಕೈಸಾಲ ಎಷ್ಟು ತೀರಿತು, ಕುಡಿಯಬೇಕೆನಿಸಿದ್ದು ಯಾವ ಹೊತ್ತಿಗೆ, ಅದು ಎಷ್ಟು ಹೊತ್ತಿಗೆ ಇಳಿಯಿತು, ಇಷ್ಟೇ ಬರೆದದ್ದು. ಬೇಸರದ ಸಂಜೆ ಹಿಂದಿನ ಹಾಳೆ ತಿರುವಿದರೆ ವ್ಯತ್ಯಾಸ ಕಾಣುತ್ತಿತ್ತು.

ಮನೆಯವರ ನಂಬಿಕೆ ಮಾತ್ರ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ನನ್ನ ಹೆಂಡತಿ ಒಂದು ದಿನ ಅಂದಳು: “ನೀವು ಬಿಟ್ಟೀರಿ ಅನ್ನೂದು ಗೊತ್ತೈತ್ರಿ. ನನ್ನ ಹೆದರಿಕಿ ಇನ್ನ ಬಿಟ್ಟಿಲ್ಲ.” ಅವಳಿಗೂ ಚೇತರಿಸಿಕೊಳ್ಳಲು ಕಾಲ ಬೇಕಿತ್ತು. ನಂಬಿಕೆಯನ್ನು ಅವಸರದಿಂದ ಕೇಳುವ ಹಕ್ಕು ನನಗಿರಲಿಲ್ಲ.

ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಯ ಹಳ್ಳಿಗಳನ್ನೂ ಮುಟ್ಟಿವೆ. ನನ್ನ ದೃಷ್ಟಿಯಲ್ಲಿ ಶಿಬಿರಕ್ಕಿಂತ ದೊಡ್ಡದು, ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ. ಅಮೆರಿಕದ ಅಕ್ರನ್‌ನಲ್ಲಿ 1935ರಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡಿ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ನಿಂತಿರುವುದೂ ಇಂಥ ಕೂಟದ ಮೇಲೆಯೇ. ನಡುವೆ ಯಾರಾದರೂ ಜಾರಿದರೆ, ಸಕ್ಕರೆ ಏರಿದ ರೋಗಿಯನ್ನು ಕಂಡಂತೆ ಕಾಣಿರಿ. ಬೈಯದೆ ಮತ್ತೆ ವೈದ್ಯರ ಬಳಿ ಕರೆದೊಯ್ಯಿರಿ.

ಕೊನೆಗೊಂದು ವಿನಂತಿ. ದಿನವೂ ವಿಪರೀತ ಕುಡಿಯುವವರನ್ನು ಮನೆಯಲ್ಲೇ ಕೂಡಿಹಾಕಿ ಥಟ್ಟನೆ ಬಿಡಿಸಬೇಡಿ. ಮೊದಲ ಮೂರ್ನಾಲ್ಕು ದಿನಗಳಲ್ಲಿ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಬೆಳಗಾವಿಯ ಬಿಮ್ಸ್, ನೆಹರು ನಗರದ ಕೆಎಲ್ಇ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.