ಎರಡು ವರ್ಷದ ನೆಂಟ

‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆ ನಮ್ಮಲ್ಲಿದೆ. ನಾಲ್ಕು ದಿನಕ್ಕೆಂದು ಬಂದ ನೆಂಟ ಎಂಟನೆಯ ದಿನವೂ ಜಗಲಿಯ ಮೇಲೆ ಕೂತಿದ್ದರೆ ಮನೆಯೊಡತಿಯ ಮನಸ್ಸಿನಲ್ಲಿ ಆಗುವ ತೂಗಾಟವೆಲ್ಲ ಆ ಗಾದೆಯಲ್ಲಿದೆ. ಹಾಗಿರುವಾಗ ಭಾಷೆ ಬಾರದ, ಊಟದ ರೀತಿ ತಿಳಿಯದ ಪರದೇಶಿಯೊಬ್ಬ ಎರಡು ವರ್ಷ ಇರುತ್ತೇನೆಂದು ಬಂದರೆ ಹೇಗೆ? ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಎಷ್ಟೋ ಹಳ್ಳಿಮನೆಗಳು ಇಂಥ ನೆಂಟರನ್ನು ಕಂಡಿವೆ. ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕೋರ್ ಅಲ್ಲಿಗೆ ಕಾಲಿಟ್ಟದ್ದು 1963ರಲ್ಲಿ, ಆ ದೇಶ ಫ್ರೆಂಚರಿಂದ ಸ್ವತಂತ್ರವಾದ ಮೂರು ವರ್ಷಗಳ ನಂತರ.

ಪರದೇಶವನ್ನು ಅರಿಯಬೇಕಾದರೆ ಅಲ್ಲಿಯ ಮನೆಯೊಂದರಲ್ಲಿ ಬಾಳಬೇಕು ಎಂಬ ವಿಚಾರ ಪೀಸ್ ಕೋರ್‌ಗಿಂತ ಹಳೆಯದು. ಅಮೆರಿಕದ ಡೊನಾಲ್ಡ್ ವಾಟ್ ಎಂಬವರು 1932ರಲ್ಲಿ ತಮ್ಮ ದೇಶದ ಹುಡುಗರನ್ನು ಯುರೋಪಿಗೆ ಕರೆದೊಯ್ದು ಅಲ್ಲಿನ ಹುಡುಗರ ಜೊತೆ ಶಿಬಿರದಲ್ಲಿ ಇರಿಸಿದರು. ಒಂದೇ ಶಿಬಿರದಲ್ಲಿದ್ದ ಮಾತ್ರಕ್ಕೆ ಮನಸ್ಸು ಬೆರೆಯುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಅಲ್ಲಿಂದ ಮುಂದೆ ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಬಿಡುವ ಕ್ರಮ ಬಂತು. 1930ರ ದಶಕದಲ್ಲಿ ಈ ಯೋಜನೆಯಲ್ಲಿ ಯುರೋಪಿಗೆ ಹೋಗಿ ಬಂದವರಲ್ಲಿ ಸಾರ್ಜೆಂಟ್ ಶ್ರೈವರ್ ಒಬ್ಬರು. ಅಧ್ಯಕ್ಷ ಕೆನಡಿ 1961ರ ಮಾರ್ಚ್ 1ರಂದು ಪೀಸ್ ಕೋರ್ ಸ್ಥಾಪಿಸಿದಾಗ ಅದರ ಮೊದಲ ನಿರ್ದೇಶಕರಾದವರು ಇದೇ ಶ್ರೈವರ್.

ಭಾರತಕ್ಕೂ ಈ ಸ್ವಯಂಸೇವಕರು ಬಂದಿದ್ದರು. 1961ರ ಕೊನೆಯಲ್ಲಿ ಮೊದಲ ತಂಡ ಪಂಜಾಬಿಗೆ ಬಂತು. ಕೋಳಿ ಸಾಕಣೆ, ಬೇಸಾಯ, ಆರೋಗ್ಯ ಮುಂತಾದ ಕೆಲಸಗಳಿಗೆಂದು ಮುಂದೆ ಅನೇಕರು ಬಂದರು. ಆಗಿನ ಮೈಸೂರು ರಾಜ್ಯದಲ್ಲೂ ಕೆಲವರು ಕನ್ನಡ ಕಲಿತು ಕೆಲಸ ಮಾಡಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ತಮ್ಮ 68ನೆಯ ವಯಸ್ಸಿನಲ್ಲಿ ಮುಂಬೈ ಬಳಿಯ ವಿಕ್ರೋಲಿಗೆ ಬಂದದ್ದು ಇದೇ ಯೋಜನೆಯಲ್ಲಿ. 1976ರಲ್ಲಿ ಭಾರತದ ಕಾರ್ಯಕ್ರಮ ಮುಗಿಯಿತು. ಸೆನೆಗಲ್‌ನಲ್ಲಿ ಅದು ಮುಂದುವರಿಯಿತು.

ಮೊದಮೊದಲು ಸ್ವಯಂಸೇವಕರ ತರಬೇತಿ ಬಹುಪಾಲು ಅಮೆರಿಕದ ವಿಶ್ವವಿದ್ಯಾಲಯಗಳಲ್ಲೇ ನಡೆಯುತ್ತಿತ್ತು. ಕ್ರಮೇಣ ಅದು ಹೋಗಬೇಕಾದ ದೇಶಕ್ಕೇ ವರ್ಗವಾಯಿತು. ಸೇವೆಯ ಅವಧಿ ಸಾಮಾನ್ಯವಾಗಿ 27 ತಿಂಗಳು. ಮೊದಲ ಮೂರು ತಿಂಗಳಲ್ಲಿ ಭಾಷೆ ಕಲಿಯಬೇಕು, ಉಳಿದ ಎರಡು ವರ್ಷ ಕೆಲಸ. ಸೆನೆಗಲ್‌ನಲ್ಲಿ ಫ್ರೆಂಚ್ ಆಡಳಿತ ಭಾಷೆಯಾದರೂ ಹಳ್ಳಿಯ ಅಂಗಳದಲ್ಲಿ ನಡೆಯುವುದು ವೊಲೊಫ್, ಪುಲಾರ್, ಸೆರೇರ್, ಮಂಡಿಂಕ ಮುಂತಾದ ನುಡಿಗಳು. ಅವನ್ನು ಪುಸ್ತಕದಿಂದ ಕಲಿತು ಮುಗಿಸಲಾಗದು. ಮನೆಯವರ ಬಾಯಿಂದಲೇ ಕಲಿಯಬೇಕು.

ವೊಲೊಫ್ ಭಾಷೆಯಲ್ಲಿ ಮನೆಗೆ ‘ಕೆರ್’ ಎನ್ನುತ್ತಾರೆ. ಹಳ್ಳಿಯ ಕೆರ್ ಎಂದರೆ ಬೇಲಿಯೊಳಗಿನ ಒಂದು ಅಂಗಳ, ಅದರ ಸುತ್ತ ಹಲವು ಕೋಣೆಗಳು. ಅಜ್ಜ ಅಜ್ಜಿ, ಅಣ್ಣ ತಮ್ಮಂದಿರು, ಅವರ ಹೆಂಡತಿ ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ನಮ್ಮ ಅವಿಭಕ್ತ ಕುಟುಂಬಗಳ ತೊಟ್ಟಿಮನೆಯನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಇದರೊಳಗೆ ಸ್ವಯಂಸೇವಕನಿಗೂ ಒಂದು ಕೋಣೆ ಸಿಗುತ್ತದೆ.

ಬಂದವನಿಗೆ ಮೊದಲು ಸಿಗುವುದು ಹೊಸ ಹೆಸರು. ಅದನ್ನು ಕೊಡುವವರು ಮನೆಯವರೇ. ಎಷ್ಟೋ ಸಲ ಅದು ಮನೆಯಲ್ಲೇ ಇರುವ ಹಿರಿಯರ ಹೆಸರು. ಒಂದೇ ಹೆಸರಿನ ಇಬ್ಬರನ್ನು ವೊಲೊಫ್‌ನಲ್ಲಿ ‘ತುರಾಂದೋ’ ಎನ್ನುತ್ತಾರೆ. ಅವರ ನಡುವೆ ವಿಶೇಷ ಸಲುಗೆ, ಹೊಣೆ ಎರಡೂ ಇರುತ್ತವೆ. ಹೆಸರಿನ ಜೊತೆಗೆ ಕುಲನಾಮವೂ ಬರುತ್ತದೆ. ಅದಕ್ಕೆ ‘ಸಾಂತ್’ ಎಂದು ಹೆಸರು. ಹೊಗಳು, ಕೃತಜ್ಞತೆ ಹೇಳು ಎಂಬುದಕ್ಕೂ ಅದೇ ಪದ. ಎದುರಾದವರ ಕುಲನಾಮವನ್ನು ಮತ್ತೆ ಮತ್ತೆ ಹೇಳಿ ವಂದಿಸುವುದು ಅಲ್ಲಿ ಮರ್ಯಾದೆ.

ಕುಲನಾಮ ಸಿಕ್ಕರೆ ಅದರೊಡನೆ ಹಾಸ್ಯದ ನೆಂಟರೂ ಸಿಗುತ್ತಾರೆ. ಉದಾಹರಣೆಗೆ ಜೋಪ್ ಮತ್ತು ನ್ಜಾಯ್ ಕುಲನಾಮದವರು ಎಲ್ಲಿ ಕಂಡರೂ ಪರಸ್ಪರ ಗೇಲಿ ಮಾಡಬೇಕು. ‘ನಿಮ್ಮವರೆಲ್ಲ ಅನ್ನದ ಹೊಟ್ಟೆಬಾಕರು’ ಎನ್ನುವುದು ಅದರಲ್ಲಿ ತೀರ ಸಾಮಾನ್ಯ. ಇದಕ್ಕೆ ಯಾರೂ ಕೋಪಿಸಿಕೊಳ್ಳುವಂತಿಲ್ಲ. ನಮ್ಮ ಮದುವೆಮನೆಗಳಲ್ಲಿ ಬೀಗರನ್ನು ಹಾಡು ಕಟ್ಟಿ ಮೂದಲಿಸುತ್ತಿದ್ದುದನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಜೋಪ್ ಆದ ಸ್ವಯಂಸೇವಕ ದೂರದ ಊರಿನ ಬಸ್ಸಿನಲ್ಲಿ ನ್ಜಾಯ್ ಒಬ್ಬರನ್ನು ಕಂಡರೆ ಸಾಕು, ಗೇಲಿಯಿಂದಲೇ ಮಾತು ಶುರುವಾಗುತ್ತದೆ. ಹೆಸರು ಬರುವ ಮುನ್ನ ಅವನು ಕೇವಲ ‘ತೂಬಾಬ್’, ಎಂದರೆ ಬಿಳಿಯ, ಪರದೇಶಿ. ಬೀದಿಯ ಮಕ್ಕಳು ಆಮೇಲೂ ಹಾಗೆಯೇ ಕೂಗುತ್ತವೆ ಎಂಬುದು ಬೇರೆ ಮಾತು.

ಇಷ್ಟಾದರೂ ಮೊದಲ ತಿಂಗಳುಗಳು ಕಷ್ಟದವು. ಪದವಿ ಪಡೆದು ಬಂದ ವ್ಯಕ್ತಿ ಇಲ್ಲಿ ಮತ್ತೆ ಮಗುವಾಗುತ್ತಾನೆ. ನೀರು ಸೇದುವುದು, ಬಟ್ಟೆ ಒಗೆಯುವುದು, ವಂದಿಸುವುದು, ಕೂರುವುದು ಎಲ್ಲವನ್ನೂ ಆರೇಳು ವರ್ಷದ ಮಕ್ಕಳು ನಗುತ್ತ ತಿದ್ದುತ್ತವೆ. ಬೆಳಿಗ್ಗೆ ಕೋಣೆಯಿಂದ ಹೊರಗೆ ಬಂದವನು ಅಂಗಳದಲ್ಲಿದ್ದ ಪ್ರತಿಯೊಬ್ಬರನ್ನೂ ವಿಚಾರಿಸಬೇಕು. ‘ನಾಂಗಾ ದೆಫ್?’ (ಹೇಗಿದ್ದೀ?) ಎಂದರೆ ‘ಮಾಂಗಿ ಫಿ ರೆಕ್’ (ಇಲ್ಲೇ ಇದ್ದೇನೆ) ಎಂಬ ಉತ್ತರ. ‘ಮನೆಯವರು ಎಲ್ಲಿ?’ ಎಂದರೆ ‘ಅಲ್ಲಿದ್ದಾರೆ’. ಕೇಳಿದ್ದರಲ್ಲಿ ಹೊಸ ಸುದ್ದಿಯೇನೂ ಇರುವುದಿಲ್ಲ. ಆದರೆ ಕೇಳದೆ ನೇರ ಕೆಲಸದ ಮಾತಿಗೆ ಇಳಿದವನು ಒರಟ ಎನಿಸಿಕೊಳ್ಳುತ್ತಾನೆ.

ಹೆಚ್ಚಿನ ಇಕ್ಕಟ್ಟು ಬಾಗಿಲಿನದು. ದಣಿದಾಗ ಕೋಣೆಯ ಬಾಗಿಲು ಹಾಕಿಕೊಂಡು ಒಂಟಿಯಾಗಿ ಪುಸ್ತಕ ಹಿಡಿಯುವುದು ಅಮೆರಿಕದ ಯುವಕನಿಗೆ ವಿಶ್ರಾಂತಿ. ಮನೆಯವರಿಗೆ ಅದೇ ಗಾಬರಿ: ಕಾಯಿಲೆಯೇ, ಕೋಪವೇ, ಯಾರಾದರೂ ಏನಾದರೂ ಅಂದರೇ? ಅವರು ಬಾಗಿಲು ತಟ್ಟುತ್ತಾರೆ. ಒಳಗಿದ್ದವನಿಗೆ ಅದು ಕಾಟ, ಹೊರಗಿದ್ದವರಿಗೆ ಅದು ಕರ್ತವ್ಯ. ಇಬ್ಬರ ಮನಸ್ಸೂ ಒಳ್ಳೆಯದೇ ಆದ್ದರಿಂದ ಇಂಥ ಜಗಳ ಬಿಡಿಸುವುದು ಕಷ್ಟ.

ಇದನ್ನು ಮೆಲ್ಲನೆ ಸರಿಪಡಿಸುವುದು ಊಟದ ಬೋಗುಣಿ. ಮಧ್ಯಾಹ್ನದ ಊಟ ಸಾಮಾನ್ಯವಾಗಿ ಅನ್ನ. ಮೀನು, ತರಕಾರಿ ಹಾಕಿ ಬೇಯಿಸಿದ ‘ಚೆಬು ಜೆನ್’ ಎಂಬ ಅನ್ನವನ್ನು ಯುನೆಸ್ಕೋ 2021ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ರಾತ್ರಿ ಹಳ್ಳಿಗಳಲ್ಲಿ ಸಜ್ಜೆಯ ಅಡುಗೆಯೂ ಉಂಟು. ಶೇಂಗಾ, ಸಜ್ಜೆ ಬೆಳೆಯುವ ನಾಡದು. ಉತ್ತರ ಕರ್ನಾಟಕದವರಿಗೆ ಆ ಹೊಲ ಅಪರಿಚಿತ ಎನಿಸದು. ಚಪ್ಪಲಿ ಬಿಟ್ಟು ಎಲ್ಲರೂ ಒಂದೇ ದೊಡ್ಡ ಬೋಗುಣಿಯ ಸುತ್ತ ಕೂರುತ್ತಾರೆ. ಬಲಗೈಯಲ್ಲಿ ಅಥವಾ ಚಮಚದಲ್ಲಿ ತನ್ನೆದುರಿನ ಪಾಲನ್ನಷ್ಟೇ ಉಣ್ಣಬೇಕು. ನಡುವಿನ ಮೀನಿಗೆ ಕೈ ಚಾಚುವಂತಿಲ್ಲ. ಮನೆಯೊಡತಿ ಮೀನು ಮುರಿದು ಒಬ್ಬೊಬ್ಬರ ಮುಂದೆ ಹಾಕುತ್ತಾಳೆ. ನೆಂಟನ ಮುಂದೆ ದೊಡ್ಡ ತುಂಡು ಬೀಳುತ್ತದೆ. ಈ ಆದರಕ್ಕೆ ಅಲ್ಲಿ ‘ತೆರಾಂಗ’ ಎಂಬ ಹೆಸರಿದ್ದು, ಸೆನೆಗಲ್ ಜನ ಅದನ್ನು ತಮ್ಮ ನಾಡಿನ ಗುರುತೆಂದೇ ಹೇಳಿಕೊಳ್ಳುತ್ತಾರೆ. ಊಟದ ನಂತರ ‘ಅತ್ತಾಯ’ ಚಹಾ ಮೂರು ಸುತ್ತು. ಮೊದಲನೆಯದು ಕಹಿ, ಬರಬರುತ್ತ ಸಿಹಿ. ಮುಗಿಯಲು ತಾಸಿಗೂ ಮಿಕ್ಕಿ ಬೇಕು. ನಡುವೆ ಏಳುವುದು ಸಲ್ಲದು.

ದೊಡ್ಡ ತುಂಡು ನೆಂಟನಿಗೆ ಹೋದರೆ ಯಾರದೋ ಪಾಲು ಚಿಕ್ಕದಾಯಿತು ಎಂದೇ ಅರ್ಥ. ಸ್ವಯಂಸೇವಕ ಊಟದ ಖರ್ಚಿಗೆಂದು ಹಣ ಕೊಡುತ್ತಾನೆ ನಿಜ. ಆದರೆ ಜ್ವರ ಬಂದಾಗ ಪಕ್ಕದಲ್ಲಿ ಕೂರುವುದಕ್ಕೆ, ತಪ್ಪು ಮಾತನ್ನು ನೂರು ಸಲ ತಿದ್ದುವುದಕ್ಕೆ, ಊರಿನವರ ಮುಂದೆ ಅವನ ಪರವಾಗಿ ನಿಲ್ಲುವುದಕ್ಕೆ ಬೆಲೆ ಕಟ್ಟಿದವರಿಲ್ಲ. ಇತ್ತ ‘ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ’ ಎಂಬಂತೆ ಉತ್ಸಾಹದಿಂದ ಬರುವ ಯುವಕ, ತಲೆಮಾರುಗಳಿಂದ ಶೇಂಗಾ ಬೆಳೆದ ರೈತನಿಗೆ ಏನು ಕಲಿಸಬಲ್ಲ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪೀಸ್ ಕೋರ್‌ಗೆ ಕಾನೂನಿನಲ್ಲಿ ಮೂರು ಗುರಿಗಳನ್ನು ಹೇಳಿದೆ. ತರಬೇತಿ ಪಡೆದ ಕೆಲಸಗಾರರನ್ನು ಒದಗಿಸುವುದು ಮೊದಲನೆಯದು. ಅಮೆರಿಕನ್ನರನ್ನು ಇತರರು, ಇತರರನ್ನು ಅಮೆರಿಕನ್ನರು ಅರಿಯುವಂತೆ ಮಾಡುವುದು ಉಳಿದೆರಡು. ಆ ಎರಡರ ಕೆಲಸ ನಡೆಯುವುದು ಹೆಚ್ಚಾಗಿ ಅಂಗಳದಲ್ಲಿ. ಅಲ್ಲಿ ಕಲಿಸುವವರು ಸ್ವಯಂಸೇವಕರಲ್ಲ, ಸಂಬಳವಿಲ್ಲದ ಮನೆಯವರು.

2020ರ ಮಾರ್ಚ್‌ನಲ್ಲಿ ಕೋವಿಡ್ ಹಬ್ಬಿದಾಗ ಪೀಸ್ ಕೋರ್ ಜಗತ್ತಿನ ಎಲ್ಲ ಕಡೆಯಿಂದ ತನ್ನ 7 ಸಾವಿರದಷ್ಟು ಸ್ವಯಂಸೇವಕರನ್ನು ಒಮ್ಮೆಗೇ ಹಿಂದಕ್ಕೆ ಕರೆಸಿಕೊಂಡಿತು. ಅದರ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಸ್ವಯಂಸೇವಕರು ಮತ್ತೆ ಪರದೇಶಗಳಿಗೆ ಹೊರಟದ್ದು 2022ರಲ್ಲಿ. ಆ ಅವಸರದಲ್ಲಿ ಅನೇಕರಿಗೆ ತಮ್ಮ ಮನೆಯವರನ್ನು ಸರಿಯಾಗಿ ಬೀಳ್ಕೊಳ್ಳಲೂ ಆಗಲಿಲ್ಲ.

ಸೆನೆಗಲ್‌ನಲ್ಲಿ ಬೀಳ್ಕೊಡುವುದಕ್ಕೂ ಒಂದು ಕ್ರಮವಿದೆ. ನಮ್ಮಲ್ಲಿರುವಂತೆ ಅಲ್ಲಿಯೂ ಎಡಗೈಯಲ್ಲಿ ಉಣ್ಣುವುದಿಲ್ಲ, ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಆದರೆ ದೂರ ಹೋಗುವವರಿಗೆ, ಬಹಳ ಕಾಲ ಕಾಣಲಾರದವರಿಗೆ ಮಾತ್ರ ಎಡಗೈಯನ್ನೇ ಚಾಚುತ್ತಾರೆ. ಬೇಕೆಂದೇ ಮಾಡಿದ ಆ ತಪ್ಪನ್ನು ಬಲಗೈಯಿಂದ ತಿದ್ದುವುದಕ್ಕಾದರೂ ಹೋದವನು ತಿರುಗಿ ಬರಬೇಕು. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.